ಗ್ರಹವಾಗದೆ ಉಳಿದ ಕಲ್ಲುಗಳು

ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಒಂದು ಕಡಲೆಕಾಯಿಯನ್ನು ತಿನ್ನುವ ಮುಂಚೆ ಸ್ವಲ್ಪ ನೋಡಿ. ಎರಡು ತುದಿ ಉಬ್ಬಿ, ನಡು ಸಣ್ಣಗಾಗಿ, ಮೈಯೆಲ್ಲ ಗುಳಿ. ಭೂಮಿಯ ಹತ್ತಿರಕ್ಕೂ ಬರುವ ಈರೋಸ್ ಎಂಬ ಕ್ಷುದ್ರಗ್ರಹ ಇರುವುದು ಹೆಚ್ಚುಕಡಿಮೆ ಹೀಗೆಯೇ. ಉದ್ದ ಮಾತ್ರ ಸುಮಾರು 34 ಕಿ.ಮೀ. ಗ್ರಹಗಳು ಗುಂಡಗಿರುವಾಗ ಇದಕ್ಕೇಕೆ ಈ ಆಕಾರ? ಗುರುತ್ವಾಕರ್ಷಣೆ ಎಲ್ಲವನ್ನೂ ನಡುವಿನತ್ತ ಸೆಳೆಯುತ್ತದೆ. ಕಾಯ ದೊಡ್ಡದಾದರೆ ಆ ಸೆಳೆತಕ್ಕೆ ಕಲ್ಲೂ ಮಣಿಯುತ್ತದೆ, ಚಿಕ್ಕದಾದರೆ ಕಲ್ಲಿನ ಗಟ್ಟಿತನವೇ ಗೆಲ್ಲುತ್ತದೆ.

ಕ್ಷುದ್ರಗ್ರಹಗಳಲ್ಲಿ ಬಹುಪಾಲು ಮಂಗಳ ಮತ್ತು ಗುರುಗ್ರಹದ ನಡುವೆ, ಸೂರ್ಯನಿಂದ 30ರಿಂದ 50 ಕೋಟಿ ಕಿ.ಮೀ. ದೂರದ ಪಟ್ಟಿಯಲ್ಲಿ ಸುತ್ತುತ್ತವೆ. ಇವು ಸಿಡಿದುಹೋದ ಗ್ರಹವೊಂದರ ಚೂರುಗಳು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ತಪ್ಪು. ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ನೂರರಲ್ಲಿ ಮೂರು ಪಾಲಿನಷ್ಟೇ ಆಗುತ್ತದೆ! ಇಲ್ಲಿ ಗ್ರಹ ಒಡೆಯಲಿಲ್ಲ, ಗ್ರಹ ಕೂಡಿಕೊಳ್ಳಲೇ ಇಲ್ಲ. ಪಕ್ಕದ ಗುರುವಿನ ಸೆಳೆತ ಈ ಕಲ್ಲುಗಳ ಓಟವನ್ನು ಕದಡಿತು. ಮೆಲ್ಲಗೆ ತಾಗಿ ಒಂದಾಗಬೇಕಿದ್ದವು ಜೋರಾಗಿ ಡಿಕ್ಕಿ ಹೊಡೆದು ಪುಡಿಯಾದವು. ಎಷ್ಟೋ ಕಲ್ಲುಗಳು ಪಟ್ಟಿಯಿಂದಲೇ ಹೊರಬಿದ್ದವು. ಉಳಿದವುಗಳ ನಡುವೆ ಈಗ ಲಕ್ಷಾಂತರ ಕಿ.ಮೀ. ಬಯಲು.

ಇದೇ ಪಟ್ಟಿಯಲ್ಲಿರುವ ಸೀರಿಸ್‌ನದು ಬೇರೆ ಕಥೆ. ಅಡ್ಡಳತೆ ಸುಮಾರು 940 ಕಿ.ಮೀ., ಆಕಾರ ಗುಂಡು. 1801ರ ಜನವರಿ 1ರಂದು ಖಗೋಳಜ್ಞ ಪಿಯಾಝಿ ಅದನ್ನು ಕಂಡ ಮೇಲೆ ದಶಕಗಳ ಕಾಲ ಗ್ರಹವೆಂದೇ ಎಣಿಸಿದರು. ಆದರೆ ಖಗೋಳಜ್ಞರ 2006ರ ವ್ಯಾಖ್ಯೆಯ ಪ್ರಕಾರ ಗ್ರಹ ಸೂರ್ಯನನ್ನು ಸುತ್ತಿದರೆ ಸಾಲದು, ಗುಂಡಗಿದ್ದರೂ ಸಾಲದು. ತನ್ನ ದಾರಿಯಲ್ಲಿ ಬೇರೆ ಕಲ್ಲುಗಳಿಲ್ಲದಂತೆ ತೆರವು ಮಾಡಿಕೊಂಡಿರಬೇಕು. ಸೀರಿಸ್ ದಾರಿಯ ತುಂಬ ನೆರೆಯವರು. ಹಾಗಾಗಿ ಅದು ಕುಬ್ಜ ಗ್ರಹ.

ಕ್ಷುದ್ರಗ್ರಹಗಳನ್ನು ಹುಡುಕುವ ಬಗೆ ಸರಳ. ಆಕಾಶದ ಒಂದೇ ಭಾಗದ ಚಿತ್ರಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ಹೋಲಿಸಿದರೆ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಕ್ಷುದ್ರಗ್ರಹ ಸರಿದಿರುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ 1988ರ ಫೆಬ್ರವರಿಯಲ್ಲಿ ಇಂಥದ್ದೊಂದನ್ನು ಕಂಡುಹಿಡಿದರು. ಅದರ ಹೆಸರು 4130 ರಾಮಾನುಜನ್.

ಪರಿಷೆ ಮುಗಿಸಿ ಪಕ್ಕದ ಬ್ಯೂಗಲ್ ರಾಕ್ ಹತ್ತಿ, ಬಂಡೆಯ ಮೇಲೆ ಅಂಗೈ ಇಡಿ. ಅದಕ್ಕೆ ಸುಮಾರು 300 ಕೋಟಿ ವರ್ಷ. ಅದಕ್ಕೂ ಹಿಂದಿನ ಕಲ್ಲುಗಳನ್ನು ಭೂಮಿ ಬಹುಮಟ್ಟಿಗೆ ಕರಗಿಸಿ, ಮಡಚಿ ಅಳಿಸಿಬಿಟ್ಟಿದೆ. ಕ್ಷುದ್ರಗ್ರಹಗಳಿಂದ ಸಿಡಿದು ನೆಲಕ್ಕೆ ಬಿದ್ದ ಉಲ್ಕಾಶಿಲೆಗಳಲ್ಲಿ ಮಾತ್ರ 456 ಕೋಟಿ ವರ್ಷ ಹಳೆಯ ಕಣಗಳು ಇನ್ನೂ ಹಾಗೆಯೇ ಇವೆ.