ಇಂಜಿನ್ ಆಫ್ ಮಾಡಿ ಸತ್ವಿ!

ಕಳೆದ ವಾರ ಹಾಸ್ಟೆಲ್ ರೂಮಲ್ಲಿ ನಾವು ಟ್ರಾವೆಲರ್ ಆಡ್ತಿದ್ವಿ. 1977ರಲ್ಲಿ ಬಂದ ಈ ಸೈನ್ಸ್ ಫಿಕ್ಷನ್ ರೋಲ್‌ಪ್ಲೇಯಿಂಗ್ ಗೇಮಲ್ಲಿ ಏರ್‌ರಾಫ್ಟ್ ಅಂತ ಒಂದು ಗಾಡಿ ಇದೆ. ಟಾಪ್ ಇಲ್ಲದ, ಆ್ಯಂಟಿಗ್ರಾವಿಟಿಯಲ್ಲಿ ತೇಲುವ ಜೀಪು ಅನ್ಕೊಳ್ಳಿ. ಅದರಲ್ಲಿ ಭೂಮಿಯಿಂದ ನೆಟ್ಟಗೆ 400 ಕಿ.ಮೀ. ಏರಿ, "ಆರ್ಬಿಟ್ ಬಂತು, ಎಲ್ಲಾ ಆಫ್ ಮಾಡ್ರೋ" ಅಂದ್ವಿ. ರೆಫ್ರಿಯಾಗಿದ್ದ ಗೆಳೆಯ ನಕ್ಕ. ಐದು ನಿಮಿಷದ ಬೀಳು, ನಮ್ಮ ಪಾತ್ರಗಳೆಲ್ಲ ಖಲಾಸ್.

ಜಗಳ ಆಡಿ, ಆಮೇಲೆ ಲೆಕ್ಕ ಹಾಕಿದ್ವಿ. ಅವನೇ ಸರಿ. ಆ ಎತ್ತರದಲ್ಲೂ ಗುರುತ್ವ ನೆಲದ ಮೇಲಿನದರ ಸುಮಾರು 89% ಇರುತ್ತೆ. ಬಾಹ್ಯಾಕಾಶ ನಿಲ್ದಾಣವೂ ಬೀಳ್ತಾನೇ ಇದೆ. ಆದರೆ ಸೆಕೆಂಡಿಗೆ 7.7 ಕಿ.ಮೀ. ಅಡ್ಡಕ್ಕೆ ಓಡೋದರಿಂದ, ಅದು ಬಿದ್ದಷ್ಟೂ ಭೂಮಿಯ ಮೈ ಬಾಗಿ ಕೆಳಗೆ ಸರಿಯುತ್ತೆ. ನಮಗೆ ಎತ್ತರ ಇತ್ತು, ಈ ಅಡ್ಡ ವೇಗ ಇರಲಿಲ್ಲ.

ಖರ್ಚಿರೋದೂ ಅಲ್ಲೇ. ಒಂದು ಕೆ.ಜಿ.ಯನ್ನು ಅಷ್ಟೆತ್ತರ ಎತ್ತೋಕೆ ಸುಮಾರು 3.7 ಮೆಗಾಜೂಲ್ ಸಾಕು. ಆ ವೇಗ ಕೊಡೋಕೆ 29 ಬೇಕು, ಎಂಟು ಪಟ್ಟು! ಆ್ಯಂಟಿಗ್ರಾವಿಟಿ ಉಳಿಸೋದು ಬರೀ ಚಿಲ್ಲರೆ.

ಆದ್ರೂ ಒಂದು ಲಾಭ ಇದೆ. ರಾಕೆಟ್ಟಿನ ಥರ ಅವಸರ ಬೇಡ, ತೇಲ್ತಾ ನಿಧಾನಕ್ಕೆ ತಳ್ಳಬಹುದು. ಬರೀ 0.1 ಜಿ ಅಡ್ಡ ಥ್ರಸ್ಟ್ ಇದ್ರೆ 2 ಗಂಟೆ 10 ನಿಮಿಷಕ್ಕೆ ಆ ವೇಗ ಬರುತ್ತೆ (ಭೂಮಿ ತಿರುಗೋದನ್ನ ಬಿಟ್ಟಿದ್ದೀವಿ, ಸೋಮಾರಿಗಳು). ಹಳೇ ರೂಲ್‌ಬುಕ್ ಪ್ರಕಾರ ಗ್ರಹದ ಸೈಜ್ ನಂಬರ್ ಎಷ್ಟೋ ಅಷ್ಟು ಗಂಟೆ ಬೇಕು, ಭೂಮಿಗೆ 8. ಅದಕ್ಕೆ 0.03 ಜಿ ಕೂಡ ಬೇಕಾಗಲ್ಲ. ಬರೆದವರು ಸುಮ್ಮನೆ ಬರೆದಿಲ್ಲ ಅನ್ಸುತ್ತೆ.

ವೇಗ ಏರಿದಂತೆ ಆ್ಯಂಟಿಗ್ರಾವಿಟಿಯನ್ನು ಇಳಿಸ್ತಾ ಬರಬೇಕು, ಇಲ್ಲಾಂದ್ರೆ ಗಾಡಿ ಹೊರಕ್ಕೆ ಹಾರಿಹೋಗುತ್ತೆ. ಪೂರ್ತಿ 7.7 ಬಂದ್ಮೇಲಷ್ಟೇ ಆಫ್. ಶನಿವಾರ ಹೊಸ ಪಾತ್ರಗಳ ಜೊತೆ ಮತ್ತೆ ಹತ್ತುತ್ತೀವಿ.