ಆರಿದ ಅಂಬಲಿಗೆ ಯಾವ ಘಮ?

ಏಪ್ರಿಲ್ ತಿಂಗಳ ಕಲಬುರಗಿ. ಜೇವರ್ಗಿ ಕಾಲೋನಿಯಲ್ಲಿ ಒಂಬತ್ತು ಹೊಡೆಯುವುದರೊಳಗೆ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಿಡುವಂತಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯ ಬಳಿ ಮಾತ್ರ ಒಂದಿಷ್ಟು ತಂಪು. ಒಳಗೆ ಜೋಳದ ಅಂಬಲಿ ಆರುತ್ತಿದೆ.

ರಾತ್ರಿಯೇ ಬಿಳಿಜೋಳದ ಹಿಟ್ಟನ್ನು ಗಂಟಿಲ್ಲದಂತೆ ನೀರಲ್ಲಿ ಕದಡಿ, ಒಂದು ಸೌಟು ಮಜ್ಜಿಗೆ ಬೆರೆಸಿ ಮುಚ್ಚಿಟ್ಟಿದ್ದರು. ಈ ಸೆಕೆಯಲ್ಲಿ ಹುಳಿ ಬರಲು ಒಂದು ರಾತ್ರಿ ಧಾರಾಳವಾಯಿತು. ಬೆಳಗಾಗುತ್ತಲೇ ಅದನ್ನು ಮರಳುವ ನೀರಿಗೆ ಸುರಿದು, ತಳ ಹಿಡಿಯದಂತೆ ತಿರುವುತ್ತ ಕುದಿಸಿದ್ದಾರೆ. ಮೊದಲು ಏಳುವ ಗುಳ್ಳೆ ಸಣ್ಣದು, ನೊರೆಯಂಥದು. ಹಿಟ್ಟು ಬೆಂದು ಮಂದವಾದಂತೆ ಗುಳ್ಳೆ ದಪ್ಪವಾಗಿ, ‘ಪೊಟಕ್’ ಎಂದು ಒಡೆಯುತ್ತದೆ. ಆ ಸದ್ದು ಬಂದರೆ ಒಲೆ ಆರಿಸಬೇಕು.

ಇನ್ನು ಘಮದ ಮಾತು. ಮನೆಮನೆಗೂ ಬೇರೆ ಅಭಿಪ್ರಾಯವಿರುವುದು ಇಲ್ಲಿಯೇ.

ಸೊಸೆ ಕುಟ್ಟಾಣಿ ಹಿಡಿದು ಬಂದಳು. ಜವಾರಿ ಬಳ್ಳೊಳ್ಳಿಯ ಸಣ್ಣ ಎಸಳು, ಸಿಪ್ಪೆಯ ಅಂಚಿಗೆ ನಸುಗೆಂಪು.

“ಅತ್ತೀ, ಈಗ ಹಾಕ್ಲೇನ್ರಿ?”

ಅತ್ತೆ ಗಡಿಗೆಯ ಹೊಟ್ಟೆ ಮುಟ್ಟಿ ನೋಡಿದರು. “ತಡಿ ಯವ್ವಾ, ಇನ್ನಾ ಬಿಸಿ ಅದ. ಈಗ ಹಾಕಿದ್ರ ವಾಸ್ನಿ ಎಲ್ಲಾ ಹಾರಿ ಹೋಗ್ತದ.”

ಆ ಮಾತು ಅಕ್ಷರಶಃ ನಿಜ. ಬಳ್ಳೊಳ್ಳಿಯ ಖಾರದ ಘಮ ಎಸಳಿನೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಅಲಿಸಿನ್ ಹುಟ್ಟುತ್ತದೆ. ಬಿಸಿ ತಗುಲಿದರೆ ಕಿಣ್ವವೂ ನಿಲ್ಲುತ್ತದೆ, ಘಮವೂ ಉಳಿಯುವುದಿಲ್ಲ.

ಮನೆಯಲ್ಲೇ ಪೇಲ್ ಏಲ್ ಬಿಯರ್ ತಯಾರಿಸುವ ಹೊರದೇಶದವರನ್ನು ಕಾಡುವುದೂ ಘಮದ್ದನ್ನು ಯಾವಾಗ ಹಾಕಬೇಕೆಂಬ ಇದೇ ಪ್ರಶ್ನೆ. ಹಾಪ್ಸ್ ಹೂವನ್ನು ಕುದಿಸಿದರೆ ಬಿಯರಿಗೆ ಕಹಿ ಬರುತ್ತದೆ, ಪರಿಮಳದ ಎಣ್ಣೆ ಆವಿಯಾಗುತ್ತದೆ. ಆದ್ದರಿಂದ ಹುದುಗು ಬಂದ ಬಿಯರಿಗೆ ಇನ್ನಷ್ಟು ಒಣಹೂವನ್ನು ಕುದಿಸದೆ ಹಾಕಿ, ಕೆಲವು ದಿನ ನೆನೆಸುತ್ತಾರೆ. ಇದೇ ಡ್ರೈ ಹಾಪಿಂಗ್. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಭಾರತಕ್ಕೆ ಬರುತ್ತಿದ್ದ ಪೇಲ್ ಏಲ್ ಪೀಪಾಯಿಗಳಿಗೂ ಹೀಗೆ ಹೂವು ಸೇರಿಸುತ್ತಿದ್ದರು. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಗೆ ಚಕ್ಕೋತದ ಸಿಪ್ಪೆಯಂಥ ವಾಸನೆ. ಝೆಕ್ ನಾಡಿನ ಸಾಜ್ ಮೃದು, ಸೊಪ್ಪಿನ ಘಮದ್ದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯ ಚಳಿಯಲ್ಲಿ ಹಾಪ್ಸ್ ಬೆಳೆದಿದ್ದಾರೆ. ಕಲಬುರಗಿಯ ಬಿಸಿಲು ಅದಕ್ಕೆ ಹೇಳಿದ್ದಲ್ಲ. ಆದರೆ ಹಾಪ್ಸ್‌ಗೆ ಹೂವಿನ ಘಮ ಕೊಡುವ ಲಿನಲೂಲ್ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಹೇರಳವಾಗಿದೆ. ಇಲ್ಲಿನ ಕಣ್ಣಿ ಮಾರ್ಕೆಟ್ಟಿಗೆ ಹೋದರೆ ಆ ಬೀಜ ಬೊಗಸೆ ತುಂಬ ಸಿಗುತ್ತದೆ.

ಅಂಬಲಿಗೆ ಅದನ್ನು ಹಾಕುವವರು ಕಡಿಮೆ. ನನಗಂತೂ ಬಲು ಇಷ್ಟ. ನುಣ್ಣಗೆ ಪುಡಿ ಮಾಡಬಾರದು, ಬೀಜ ಎರಡು ಹೋಳಾದರೆ ಸಾಕು. ಜೀರಿಗೆಯನ್ನು ಹುರಿದು ಕುಟ್ಟಿದರೆ ಒಂದು ಬಗೆ, ಹಸಿಯಾಗಿ ತಿಕ್ಕಿ ಹಾಕಿದರೆ ಇನ್ನೊಂದು. ಹುಳಿ ಹೆಚ್ಚಾದ ದಿನ ಹುರಿದದ್ದೇ ಮೇಲು. ಕರಿಬೇವು ಅಂಗೈಯಲ್ಲಿ ಹಿಚುಕಿ ಬಿಟ್ಟರೆ ಆಯಿತು. ಓಂಕಾಳು ಬೇಡ, ಅದು ಬಂದರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕುವವರ ಮನೆಯಲ್ಲಿ ಮಸಾಲೆ ಕುಡಿದಂತಾಗುತ್ತದೆಯೇ ಹೊರತು, ಕರಿನೆಲದ ಹಿಂಗಾರಿ ಜೋಳದ ಆ ಸಿಹಿವಾಸನೆ ಸಿಗುವುದೇ ಇಲ್ಲ. ಕಮಲಾಪುರದ ಕಡೆಯ ನೆಂಟರು ತಂದ ಕೆಂಪು ಬಾಳೆಹಣ್ಣಿನ ಗೊನೆಯನ್ನೂ ಅತ್ತೆ ಆಚೆಯ ಕೋಣೆಯಲ್ಲಿ ತೂಗುಹಾಕಿದ್ದರು. ಹಣ್ಣಿನ ಘಮವೂ ಗಡಿಗೆಯ ಹತ್ತಿರ ಸುಳಿಯಬಾರದಂತೆ.

ಗಡಿಗೆ ತಣ್ಣಗಾಯಿತು. ಸೊಸೆ ಎಸಳುಗಳಿಗೆ ಒಂದೇ ಏಟು ಹಾಕಿದಳು. ರಸ ಕಲ್ಲಿಗೆ ಅಂಟಿತು. ಅತ್ತೆ ಕುಟ್ಟಾಣಿಗೆ ಒಂದು ಗುಟುಕು ಮಜ್ಜಿಗೆ ಬಿಟ್ಟು ತೊಳೆದು, ಆ ತೊಳೆದದ್ದನ್ನೂ ಸುರಿದರು. ಸುರಿದದ್ದು ಗಡಿಗೆಗಲ್ಲ, ಈಗ ಕುಡಿಯುವಷ್ಟು ಅಂಬಲಿ ತೆಗೆದಿಟ್ಟ ತಂಬಿಗೆಗೆ.

ಇಡೀ ಗಡಿಗೆಗೆ ಬೆರೆಸಿದರೆ ಸಂಜೆಯೊಳಗೆ ಬಳ್ಳೊಳ್ಳಿ ಗಡುಸಾಗಿ ಗಂಟಲು ಕೆರೆಯುತ್ತದೆ. ಹಾಪ್ಸನ್ನು ಹೆಚ್ಚು ದಿನ ಬಿಟ್ಟರೆ ಬಿಯರಿಗೂ ಹಸಿಹುಲ್ಲಿನ ರುಚಿ ಇಳಿಯುತ್ತದೆ. ಬಲ್ಲವರು ಸಮಯ ನೋಡಿ ತೆಗೆದುಬಿಡುತ್ತಾರೆ.

ಗಡಿಗೆಯಲ್ಲಿ ಉಳಿದದ್ದಕ್ಕೆ ಉಪ್ಪು ಬಿಟ್ಟು ಏನೂ ಬಿದ್ದಿಲ್ಲ. ಮಧ್ಯಾಹ್ನ ಊಟಕ್ಕೆ ಬರುವ ಮಗ ಮತ್ತೆ ಆಫೀಸಿಗೆ ಹೋಗಬೇಕು, ಅವನ ಪಾಲಿಗೆ ಜೀರಿಗೆ. ಮೊಮ್ಮಗಳಿಗೆ ಬರೀ ಮಜ್ಜಿಗೆ ಬೆರೆಸಿ ಕೊಡಬೇಕು. ಅತ್ತೆಗೆ ನೆಂಚಿಕೊಳ್ಳಲು ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ.