ಡಿಸ್ಕು ಕೆಟ್ಟರೂ ಕಡತ ಉಳಿಯುವುದು ಹೇಗೆ?

ಅಂಗಡಿಯಲ್ಲಿ ಬೀಗವನ್ನು ಕೊಂಡರೆ ಅದರೊಡನೆ ಎರಡೋ ಮೂರೋ ಬೀಗದ ಕೈಗಳು ದೊರೆಯುತ್ತವೆ. ಬಾಗಿಲನ್ನು ತೆರೆಯಲು ಒಂದೇ ಸಾಕು. ಎರಡನೆಯದು ಬಹುಕಾಲ ಪೆಟ್ಟಿಗೆಯಲ್ಲಿಯೇ ಬಿದ್ದಿರುವುದು. ಆದರೂ ಅದನ್ನು ವ್ಯರ್ಥವೆಂದು ಯಾರೂ ಎಸೆಯುವುದಿಲ್ಲ. ಗಣಕಯಂತ್ರದಲ್ಲಿ ನಾವು ಇಡುವ ಕಡತಗಳಿಗೂ ಇಂಥ ಎರಡನೆಯ ಕೈ ಬೇಕು. ಅದನ್ನು ಮಾಡಿಕೊಳ್ಳುವ ಒಂದು ಉಪಾಯವನ್ನು, ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಸಣ್ಣ ಲಿನಕ್ಸ್ ಸರ್ವರಿನ ನಿದರ್ಶನದಿಂದ ಇಲ್ಲಿ ವಿವರಿಸಲಾಗಿದೆ.

ಸರ್ವರ್ ಎಂದೊಡನೆ ದೊಡ್ಡ ಯಂತ್ರವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಹಳೆಯದೊಂದು ಕಂಪ್ಯೂಟರಿಗೆ ಲಿನಕ್ಸನ್ನು ಹಾಕಿ, ಹಗಲಿರುಳೂ ನಡೆಯುವಂತೆ ಕೋಣೆಯ ಮೂಲೆಯಲ್ಲಿ ಇಟ್ಟರೆ ಅದೇ ಸರ್ವರ್. ಮನೆಮಂದಿಯ ಫೋನುಗಳಲ್ಲಿನ ಚಿತ್ರಗಳು, ಮಕ್ಕಳ ಪಾಠದ ಟಿಪ್ಪಣಿಗಳು, ಜಮೀನಿನ ಕಾಗದಗಳ ಪ್ರತಿಗಳು ಎಲ್ಲವೂ ಅಲ್ಲಿಗೆ ಬಂದು ಸೇರುವುವು. ಅವೆಲ್ಲವೂ ಕೊನೆಗೆ ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳಾಗಿ ನಿಲ್ಲತಕ್ಕವು. ಆ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವುವು. ಅವುಗಳಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಎಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ ಅಂತರದಲ್ಲಿ, ಗುರುತುಗಳನ್ನು ಓದುವ ಅಂಗವು ತೇಲುತ್ತಿರುವುದು. ಇಂಥ ಯಂತ್ರ ವರ್ಷಗಟ್ಟಲೆ ಕೆಡದೆ ನಡೆಯುವುದೇ ಆಶ್ಚರ್ಯ; ಎಂದಾದರೊಂದು ದಿನ ಕೆಡುವುದು ಆಶ್ಚರ್ಯವಲ್ಲ.

೧೯೫೬ರಲ್ಲಿ ಐಬಿಎಂ ಸಂಸ್ಥೆಯವರು ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದುವು. ಅಷ್ಟೂ ಸೇರಿ ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಇಂದಿನ ಫೋನಿನ ಒಂದೆರಡು ಚಿತ್ರಗಳಿಗೆ ಅದು ಸಾಲದೆ ಬಂದೀತು. ಮುಂದೆ ಮೂರು ದಶಕಗಳಲ್ಲಿ ಡಿಸ್ಕುಗಳು ಕಿರಿದಾಗಿ, ಅಗ್ಗವಾಗಿ, ಮನೆಯ ಗಣಕಗಳಿಗೂ ಬಂದುವು. ಆಗ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಸ್ ಎಂಬ ಮೂವರಿಗೆ ಒಂದು ಪ್ರಶ್ನೆ ಹೊಳೆಯಿತು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಸಣ್ಣ ಡಿಸ್ಕುಗಳ ಸಾಲನ್ನೇ ಏಕೆ ಹೂಡಬಾರದು?

ಅವರು ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪ್ರಶ್ನೆಗೆ ಅಡ್ಡಬರುವ ಲೆಕ್ಕವನ್ನು ಮುಚ್ಚಿಡದೆ ಮಾಡಿ ತೋರಿಸಿದ್ದಾರೆ. ಒಂದು ಡಿಸ್ಕು ಸರಾಸರಿ ೩೦,೦೦೦ ಗಂಟೆ, ಎಂದರೆ ಮೂರು ವರ್ಷಕ್ಕೂ ಮಿಕ್ಕು ಬಾಳುವುದೆನ್ನೋಣ. ಅಂಥ ನೂರು ಡಿಸ್ಕುಗಳನ್ನು ಸಾಲಾಗಿ ಹೂಡಿದರೆ ಅವುಗಳಲ್ಲಿ ಯಾವುದಾದರೂ ಒಂದು ಸರಾಸರಿ ೩೦೦ ಗಂಟೆಗಳಲ್ಲಿ, ಎರಡು ವಾರ ತುಂಬುವ ಮೊದಲೇ, ಕೆಡುವುದು. ಹೀಗಿರಲು ಒಂದು ಕೆಟ್ಟರೂ ಕಡತ ಕೆಡದಂತೆ ಮಾಡುವುದೇ ದಾರಿ. ಆ ದಾರಿಗೆ ಅವರಿಟ್ಟ ಹೆಸರು ರೇಡ್. ‘ಹೆಚ್ಚುವರಿಯುಳ್ಳ ಅಗ್ಗದ ಡಿಸ್ಕುಗಳ ಸಾಲು’ ಎಂಬುದರ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದ ಹೆಸರು ಅದು.

ಇದರಲ್ಲಿ ಸುಲಭವಾದುದು ಕನ್ನಡಿಯ ವಿಧಾನ. ಎರಡು ಡಿಸ್ಕುಗಳಿದ್ದು, ಒಂದರಲ್ಲಿ ಬರೆದುದನ್ನೆಲ್ಲ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯುವುದು. ಇದಕ್ಕೆ ರೇಡ್ ೧ ಎಂದು ಹೆಸರು. ಹಣ ಎರಡರಷ್ಟಾಗುವುದು, ಸ್ಥಳ ಮಾತ್ರ ಒಂದರಷ್ಟೇ.

ಇನ್ನೊಂದು ವಿಧಾನ ಹೆಚ್ಚು ಚಮತ್ಕಾರವಾದುದು. ಗಣಕವು ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಲ್ಲಿ ಬರೆಯುವುದೆಂಬುದು ವಾಚಕರಿಗೆ ತಿಳಿದೇ ಇದೆ. ನಾಲ್ಕು ಡಿಸ್ಕುಗಳಿವೆ ಎಂದಿಟ್ಟುಕೊಳ್ಳಿ. ಮೊದಲಿನ ಮೂರರಲ್ಲಿ ಕ್ರಮವಾಗಿ ೧೦೧೧, ೦೧೧೦, ೧೦೦೦ ಎಂಬ ಅಂಕೆಗಳಿವೆ. ಇವನ್ನು ಕೂಡುವ ಲೆಕ್ಕದಂತೆ ಒಂದರ ಕೆಳಗೊಂದು ಬರೆದು, ಪ್ರತಿಯೊಂದು ಕಂಬಸಾಲಿನಲ್ಲಿಯೂ ಎಷ್ಟು ಒಂದುಗಳಿವೆ ಎಂದು ಎಣಿಸಿರಿ. ಸಂಖ್ಯೆ ಬೆಸವಾದರೆ ಒಂದನ್ನೂ ಸರಿಯಾದರೆ ಸೊನ್ನೆಯನ್ನೂ ನಾಲ್ಕನೆಯ ಡಿಸ್ಕಿನಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಎರಡು ಒಂದುಗಳು, ಆದ್ದರಿಂದ ಸೊನ್ನೆ. ಎರಡನೆಯದರಲ್ಲಿ ಒಂದೇ ಒಂದು, ಆದ್ದರಿಂದ ಒಂದು. ಹೀಗೆ ಮುಂದುವರಿದರೆ ೦೧೦೧ ಎಂದು ಬರುವುದು. ಇದೇ ಸರಿಬೆಸದ ಅಂಕೆ, ಇಂಗ್ಲಿಷಿನಲ್ಲಿ ಪ್ಯಾರಿಟಿ.

ಈಗ ಎರಡನೆಯ ಡಿಸ್ಕು ಕೆಟ್ಟಿತೆನ್ನಿ. ಉಳಿದಿರುವವು ೧೦೧೧, ೧೦೦೦ ಮತ್ತು ೦೧೦೧. ಇವುಗಳನ್ನು ಮತ್ತೆ ಮೊದಲಿನಂತೆಯೇ ಸಾಲಾಗಿ ಎಣಿಸಿ ಸರಿಬೆಸವನ್ನು ಬರೆಯಿರಿ: ೦೧೧೦. ಕಳೆದುಹೋದ ಅಂಕೆಯೇ ಎದ್ದು ಬಂದಿತು! ಯಾವ ಡಿಸ್ಕು ಹೋದರೂ ಲೆಕ್ಕ ಇದೇ. ಪೆನ್ಸಿಲ್ ಹಿಡಿದು ಮೊದಲನೆಯದನ್ನೋ ಮೂರನೆಯದನ್ನೋ ಅಳಿಸಿ ಪರೀಕ್ಷಿಸಿ ನೋಡಬಹುದು. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ ಹೀಗೆ ೧೨ ಟೆರಾಬೈಟಿನಷ್ಟು ಸ್ಥಳ ದೊರೆಯುವುದು. ಕನ್ನಡಿಯ ಜೋಡಿಗಳಾಗಿ ಮಾಡಿದ್ದರೆ ಎಂಟೇ ದೊರೆಯುತ್ತಿತ್ತು. ಸರಿಬೆಸದ ಅಂಕೆಗಳನ್ನೆಲ್ಲ ಒಂದೇ ಡಿಸ್ಕಿನಲ್ಲಿಟ್ಟರೆ ಪ್ರತಿ ಬರವಣಿಗೆಗೂ ಆ ಒಂದು ಡಿಸ್ಕೇ ದುಡಿಯಬೇಕಾಗುವುದು. ಆದಕಾರಣ ಅವನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚುವರು. ಅದು ರೇಡ್ ೫. ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟರೂ ತಡೆಯುವ ರೇಡ್ ೬ ಕೂಡ ಉಂಟು. ಅದರ ಗಣಿತ ತುಸು ಕಠಿನವಾದುದರಿಂದ ಇಲ್ಲಿ ಬಿಟ್ಟಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇಲಿನ ಲೆಕ್ಕ ನಡೆದದ್ದು ಎರಡನೆಯ ಡಿಸ್ಕು ಇಲ್ಲವೆಂದು ನಮಗೆ ತಿಳಿದಿದ್ದುದರಿಂದ. ಡಿಸ್ಕು ಕೆಟ್ಟೆನೆಂದು ಹೇಳದೆ ತಪ್ಪು ಅಂಕೆಯನ್ನೇ ಕೊಟ್ಟರೆ ಸರಿಬೆಸ ತಾಳೆಯಾಗಲಿಲ್ಲ ಎಂಬುದಷ್ಟೇ ಗೊತ್ತಾಗುವುದು; ತಪ್ಪಿದವರಾರೆಂಬುದು ಗೊತ್ತಾಗದು. ಎರಡು ಗಡಿಯಾರಗಳು ಬೇರೆ ಬೇರೆ ವೇಳೆಯನ್ನು ತೋರಿಸಿದಂತೆ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳು ಪ್ರತಿಯೊಂದು ತುಣುಕಿಗೂ ಬೇರೊಂದು ತಾಳೆಯ ಸಂಖ್ಯೆಯನ್ನು ಬರೆದಿಟ್ಟು ಈ ಕೊರತೆಯನ್ನು ತುಂಬುವುವು.

ಲಿನಕ್ಸಿನಲ್ಲಿ ಇದಕ್ಕೆಂದು ಬೇರೆ ಉಪಕರಣವನ್ನು ಕೊಳ್ಳಬೇಕಾಗಿಲ್ಲ. ಅದರ ತಿರುಳಿನಲ್ಲಿಯೇ ‘ಎಂಡಿ’ ಎಂಬ ಭಾಗವಿದೆ. ಅದನ್ನು ನಡೆಸಲು ನೀಲ್ ಬ್ರೌನ್ ಬರೆದ ‘ಎಂಡಿಅಡ್ಮ್’ ಎಂಬ ಆಜ್ಞೆಯಿದೆ. ಎಷ್ಟನೆಯ ರೇಡ್, ಯಾವ ಯಾವ ಡಿಸ್ಕುಗಳು ಎಂದು ತಿಳಿಸಿದರೆ ಅದು ಅವೆಲ್ಲವನ್ನೂ ಕಟ್ಟಿ ಒಂದೇ ಡಿಸ್ಕಿನಂತೆ ತೋರಿಸುವುದು. ಅದರ ಮೇಲೆ ಎಂದಿನಂತೆ ಕಡತವ್ಯವಸ್ಥೆಯನ್ನು ರಚಿಸಬಹುದು. ಆ ಡಿಸ್ಕುಗಳಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮರೆಯಬಾರದು. ಪ್ರತಿಯೊಂದು ಡಿಸ್ಕಿನ ಕ್ರಮಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿರಬೇಕು. ಇಲ್ಲವಾದರೆ, ಕೆಟ್ಟ ಡಿಸ್ಕನ್ನು ಬದಲಾಯಿಸಹೋಗಿ ಚೆನ್ನಾಗಿರುವುದನ್ನೇ ಕೀಳುವ ಸಂಭವ ಉಂಟು.

ಇಷ್ಟಾದರೆ ಮುಗಿಯಿತೆಂದು ಈ ಲೇಖಕನೂ ಒಮ್ಮೆ ನಂಬಿದ್ದನು. ಮನೆಯ ಸರ್ವರಿನಲ್ಲಿ ಎರಡು ಡಿಸ್ಕುಗಳ ಕನ್ನಡಿಯನ್ನು ಹೂಡಿ ನಿಶ್ಚಿಂತನಾಗಿದ್ದೆ. ಒಂದು ದಿನ ಸರ್ವರ್ ನಿಂತೇಹೋಯಿತು. ನೋಡಿದರೆ ಒಂದು ಡಿಸ್ಕು ಸತ್ತು ಎಂಟು ತಿಂಗಳಾಗಿತ್ತು. ಅಂದು ಸತ್ತುದು ಎರಡನೆಯದು. ಮೊದಲನೆಯದು ಹೋದಾಗ ಕಡತಗಳು ಎಂದಿನಂತೆಯೇ ತೆರೆಯುತ್ತಿದ್ದುವು. ರೇಡಿನ ಗುಣವೇ ಅದಲ್ಲವೆ! ಹಾಗೆಂದು ಯಂತ್ರ ಸುಮ್ಮನಿರಲಿಲ್ಲ. ಎಚ್ಚರಿಕೆಯ ಪತ್ರವನ್ನು ಬರೆದಿತ್ತು. ಆದರೆ ನಾನು ನನ್ನ ಮಿಂಚಂಚೆಯ ವಿಳಾಸವನ್ನು ಅದಕ್ಕೆ ಕೊಟ್ಟಿರಲಿಲ್ಲವಾಗಿ, ಪತ್ರವು ಆ ಯಂತ್ರದೊಳಗಣ ಯಜಮಾನ ಖಾತೆಗೇ ಹೋಗಿ ಬಿದ್ದಿತ್ತು. ಅದನ್ನು ತೆರೆದವರಿಲ್ಲ. ತಂದೆಯವರ ಕೊನೆಯ ವರ್ಷದ ಚಿತ್ರಗಳು ಅದರಲ್ಲಿದ್ದುವು. ಅವುಗಳಲ್ಲಿ ಅರ್ಧದಷ್ಟನ್ನು ತಂಗಿಯ ಫೋನಿನಿಂದ ಮರಳಿ ಪಡೆದೆ, ಉಳಿದವು ಹೋದುವು.

ಆದುದರಿಂದ ರೇಡನ್ನು ಹೂಡಿದ ದಿನವೇ ವಿಳಾಸವನ್ನು ಕೊಟ್ಟು, ಪರೀಕ್ಷೆಯ ಪತ್ರವೊಂದು ನಿಜವಾಗಿ ಕೈಸೇರುವುದೇ ಎಂದು ನೋಡತಕ್ಕದ್ದು. ತಿಂಗಳಿಗೊಮ್ಮೆ ಡಿಸ್ಕುಗಳನ್ನು ಆದ್ಯಂತವಾಗಿ ಓದಿ ತಾಳೆನೋಡುವ ಏರ್ಪಾಟು ಡೆಬಿಯನ್ ಮೊದಲಾದ ಲಿನಕ್ಸ್ ಬಗೆಗಳಲ್ಲಿ ಇದೆ, ಅದನ್ನು ನಿಲ್ಲಿಸಬಾರದು. ಹೊಸ ಡಿಸ್ಕನ್ನು ಹಾಕಿದ ಮೇಲೂ ಅದು ತುಂಬಲು ಬಹಳ ಹೊತ್ತು ಹಿಡಿಯುವುದು. ಕ್ಷಣಕ್ಕೆ ೨೦೦ ಮೆಗಾಬೈಟಿನಂತೆ ಬರೆದರೂ ಎಂಟು ಟೆರಾಬೈಟಿಗೆ ಹನ್ನೊಂದು ಗಂಟೆ ಬೇಕು. ಆ ಅವಧಿಯಲ್ಲಿ ಉಳಿದ ಡಿಸ್ಕುಗಳು ಬಿಡುವಿಲ್ಲದೆ ದುಡಿಯಬೇಕು. ಅವು ಒಂದೇ ದಿನ ಕೊಂಡವಾದರೆ ಹಳೆತನವೂ ಸಮವೇ. ಬರೆಯುವ ನಡುವೆ ವಿದ್ಯುತ್ತು ಹೋದರೆ ಅಂಕೆಗೂ ಸರಿಬೆಸಕ್ಕೂ ಹೊಂದಿಕೆ ತಪ್ಪುವುದರಿಂದ, ನಮ್ಮ ಊರುಗಳಲ್ಲಿ ಯುಪಿಎಸ್ ಇಟ್ಟುಕೊಳ್ಳುವುದು ದುಂದಲ್ಲ.

ರೇಡ್ ಮಾಡಲಾರದ ಕೆಲಸವೊಂದಿದೆ. ಕೈತಪ್ಪಿ ಕಡತವೊಂದನ್ನು ಅಳಿಸಿದರೆ ಕನ್ನಡಿಯು ಆ ಅಳಿಸುವಿಕೆಯನ್ನೂ ವಿಧೇಯತೆಯಿಂದ ನಕಲುಮಾಡುವುದು. ಸಿಡಿಲು ಬಡಿದರೆ, ಕಳ್ಳನು ಪೆಟ್ಟಿಗೆಯನ್ನೇ ಹೊತ್ತರೆ, ಎಲ್ಲ ಡಿಸ್ಕುಗಳೂ ಒಟ್ಟಿಗೆ ಹೋಗುವುವು. ಎರಡು ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಪೋಣಿಸಿ ಜೇಬಿನಲ್ಲಿ ಇಟ್ಟುಕೊಂಡಂತೆ ಇದು. ಆದ್ದರಿಂದ ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನು ತೆಗೆದು ಮತ್ತೊಂದು ಮನೆಯಲ್ಲಿ ಇರಿಸಬೇಕು. ಎರಡೇ ಡಿಸ್ಕುಗಳಿಗೆ ಹಣವಿರುವವರಿಗೆ ನನ್ನ ಸಲಹೆ ಕೇಳಿದರೆ, ಎರಡನೆಯದನ್ನು ಕನ್ನಡಿಗಲ್ಲ, ಈ ಪ್ರತಿಗೇ ಬಳಸಿರಿ ಎನ್ನುವೆನು.

ವಿದ್ಯಾರ್ಥಿಗಳು ಹಣ ಖರ್ಚಿಲ್ಲದೆ ಇದನ್ನು ಪ್ರಯೋಗಿಸಿ ನೋಡಬಹುದು. ಲಿನಕ್ಸಿನಲ್ಲಿ ಸಾಮಾನ್ಯ ಕಡತವೊಂದನ್ನೇ ಡಿಸ್ಕಿನಂತೆ ನಟಿಸುವ ಹಾಗೆ ಮಾಡಲು ಬರುತ್ತದೆ. ನೂರು ಮೆಗಾಬೈಟಿನ ಅಂಥ ಎರಡು ಕಡತಗಳನ್ನು ಕನ್ನಡಿಯಾಗಿ ಕಟ್ಟಿ, ಅದರಲ್ಲಿ ಒಂದು ಚಿತ್ರವನ್ನು ಇಟ್ಟು, ಒಂದು ‘ಡಿಸ್ಕು’ ಕೆಟ್ಟಿತೆಂದು ಎಂಡಿಅಡ್ಮ್‌ಗೆ ಹೇಳಿರಿ. ಎಂಡಿಯ ಸ್ಥಿತಿಯನ್ನು ತೋರುವ ಪುಟದಲ್ಲಿ ಎರಡು ‘ಯು’ ಅಕ್ಷರಗಳಿದ್ದೆಡೆ ಒಂದು ಅಕ್ಷರವೂ ಒಂದು ಅಡಿಗೆರೆಯೂ ಕಾಣುವುವು. ಚಿತ್ರ ಮಾತ್ರ ಮೊದಲಿನಂತೆಯೇ ತೆರೆಯುವುದು. ಬಳಿಕ ಮೂರನೆಯ ಕಡತವೊಂದನ್ನು ಸೇರಿಸಿ ಕಾದರೆ, ಕೆಲವೇ ಕ್ಷಣಗಳಲ್ಲಿ ಆ ಅಡಿಗೆರೆಯ ಜಾಗಕ್ಕೆ ಅಕ್ಷರ ಮರಳಿ ಬರುವುದು.